ಅಪ್ಪನ ಗಾಡಿಯ ಬೇರಿಂಗು

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಡಿಗ್ರಿ ಮಾಡುವುದು ಆಗುವ ಹೋಗುವ ಮಾತಲ್ಲ ಎಂದು ಹೇಳಿದ್ದು ನನ್ನ ಅಜ್ಜಿ, ಅಪ್ಪನ ತಾಯಿ. ನಾನು ಪಿಯುಸಿ ಪಾಸಾದ ದಿನವೇ ಹೇಳಿದಳು. "ಇವ್ಳು ಡಿಗ್ರಿ ಮಾಡೋದು ಅಂದ್ರೆ ಕಾಫಿ ಗಿಡದಲ್ಲಿ ಹಲಸಿನಕಾಯಿ ಬಿಟ್ಟ ಹಂಗೆ. ಸುಮ್ನೆ ಮನೇಲಿರ್ಲಿ."

ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಚಿಕ್ಕಮಗಳೂರಿನ ಕಾಲೇಜಿಗೆ ಸೇರಿಸಿದ, ಹಾಸ್ಟೆಲಿಗೆ ಬಿಟ್ಟು ಬಂದ. ಆದರೆ ನಾನು ಅಲ್ಲಿ ಏನು ಓದುತ್ತೇನೆ ಎಂದು ಒಂದು ದಿನವೂ ಕೇಳಲಿಲ್ಲ. ರಜೆಗೆ ಬಂದಾಗ ನೋಡಿದರೆ ಅಪ್ಪನ ಬಾಯಲ್ಲಿ ತಮ್ಮನದೇ ಮಾತು. ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಮೂಡಿಗೆರೆಯ ಒಂದು ಗ್ಯಾರೇಜು ಸೇರಿದ್ದವನು ಅವನು. ಅವನು ಪಂಪ್‌ಸೆಟ್ ರಿಪೇರಿ ಮಾಡಿದ್ದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಬೆಲ್ಟ್ ಹಾಕಿದ್ದು, ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವನನ್ನು ಹೊಗಳಿದ್ದು. ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ. ಫಸ್ಟ್ ಕ್ಲಾಸು ಬಂದಿದ್ದು ನನಗೆ, ಹೊಗಳಿಕೆ ಮಾತ್ರ ಸ್ಪ್ಯಾನರಿಗೆ.

ಡಿಗ್ರಿ ಮುಗಿದು ನಾನು ಮನೆಗೆ ಬಂದ ಮೇಲೆ ಕಾಲೇಜಿನ ಪದವಿ ಪ್ರದಾನದ ದಿನ ಗೊತ್ತಾಯಿತು. ತಂದೆತಾಯಿಯನ್ನು ಕರೆತರಬಹುದು ಎಂದಿದ್ದರು. ಅಮ್ಮ ಆ ವಾರವೆಲ್ಲ ತನ್ನ ತಂಗಿಯ ಬಾಣಂತನಕ್ಕೆಂದು ಆಲ್ದೂರಿನ ಅವಳ ಮನೆಯಲ್ಲಿದ್ದಳು. ಉಳಿದದ್ದು ಅಪ್ಪ. ಅಪ್ಪ ಬರಲೇಬೇಕು, ನನ್ನನ್ನು ಆ ವೇದಿಕೆ ಮೇಲೆ ನೋಡಲೇಬೇಕು. ಅದೊಂದೇ ನನ್ನ ತಲೆಯಲ್ಲಿದ್ದದ್ದು.

ಆದರೆ ಮೆಣಸು ಕೊಯ್ಯುವಾಗ ಬಳ್ಳಿ ಹಬ್ಬಿದ್ದ ಸಿಲ್ವರ್ ಮರದಿಂದ ಬಿದ್ದ ಮೇಲೆ ಅಪ್ಪನಿಗೆ ನಮ್ಮ ತೋಟದಿಂದ ಗೋಣಿಬೀಡಿನ ಬಸ್ಸಿನ ದಾರಿವರೆಗೆ ಏರು ಹತ್ತಿ ನಡೆಯಲು ಆಗುತ್ತಿರಲಿಲ್ಲ. ಮನೆಯ ಹಳೇ ಮೋಟಾರ್ ಸೈಕಲ್ಲೇ ಅವನ ಕಾಲು. ತಮ್ಮ ಓಡಿಸಬೇಕು, ಅಪ್ಪ ಹಿಂದೆ ಕೂರಬೇಕು.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ನಾನು ಎದ್ದು ಬಂದರೆ ಗಾಡಿ ಕಣದಲ್ಲಿ ಬಿಚ್ಚಿ ಬಿದ್ದಿತ್ತು. ಒಂದು ಕಡೆ ಒಣಹಾಕಿದ್ದ ರೊಬಸ್ಟಾ ಚೆರಿ ಕಾಫಿ, ಇನ್ನೊಂದು ಕಡೆ ಚಕ್ರ, ಚೈನು, ಬೋಲ್ಟು.

"ಇದೆಂತ ಮಾಡಿದ್ಯೋ!" ಎಂದು ಕಿರುಚಿದೆ.

"ಹಿಂದಿನ ಚಕ್ರ ಅಲ್ಲಾಡ್ತಿತ್ತು ಮಾರಾಯ್ತಿ. ಅಪ್ಪನ್ನ ಕೂರಿಸ್ಕೊಂಡು ಘಾಟಿ ರೋಡಲ್ಲಿ ಬೀಳ್ಬೇಕಿತ್ತಾ?" ಎಂದ ತಮ್ಮ.

ಹಿಂದಿನ ಚಕ್ರವನ್ನು ಹಿಡಿದುಕೊಳ್ಳುವ ಕಬ್ಬಿಣದ ತೋಳಿದೆಯಲ್ಲ, ಸ್ವಿಂಗ್ ಆರ್ಮ್ ಅನ್ನುತ್ತಾರೆ, ಅದು ಗಾಡಿಗೆ ಸೇರುವ ಕಡೆ ಒಂದು ಕೊಳವೆ, ಅದರೊಳಗೆ ಬೇರಿಂಗುಗಳು ಇರುತ್ತವೆ. ಅವು ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿದ್ದವು. ತಮ್ಮ ಸರಳು ಇಟ್ಟು ಹೊಡೆದ. ಒಳಗಿನ ಭಾಗ ಪುಡಿಯಾಗಿ ಉದುರಿತು, ಹೊರಗಿನ ಬಳೆ ಮಾತ್ರ ಕೊಳವೆಯನ್ನು ಬಿಡಲಿಲ್ಲ. ಅಪ್ಪ ಎದುರಿಗೆ ಮಣೆ ಹಾಕಿಕೊಂಡು ಕೂತು ತೋಳನ್ನು ಒತ್ತಿ ಹಿಡಿದಿದ್ದ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಕೇಳದೆಯೇ ಸುತ್ತಿಗೆ ಕೊಡುತ್ತಿದ್ದ. ನನ್ನ ಜೊತೆ ಅಪ್ಪ ಅಷ್ಟು ಹೊತ್ತು ಕೂತಿದ್ದು ನನಗೆ ನೆನಪಿಲ್ಲ. ನಾಳೆ ಏನಾಗುತ್ತದೋ ಎನ್ನುವ ಭಯಕ್ಕಿಂತ ಆ ನೋಟವೇ ನನ್ನನ್ನು ಹೆಚ್ಚು ಸುಟ್ಟಿತು.

"ಜೀಪು ಕೇಳನಾ ಅಪ್ಪ, ಪಕ್ಕದ ಸಾಹುಕಾರ್ರ ಹತ್ರ?" ಎಂದೆ.

"ಬ್ಯಾಡ. ಇದು ಸರಿ ಆದ್ರೆ ಇದ್ರಲ್ಲೇ ಹೋಗೋದು, ಇಲ್ದಿದ್ರೆ ಇಲ್ಲ."

ಇಲ್ಲದಿದ್ದರೆ ಇಲ್ಲ! ಅಷ್ಟು ಸಲೀಸಾಗಿ ಅಂದ. ಕಣ್ಣಲ್ಲಿ ನೀರು ಬಂದದ್ದನ್ನು ಮರೆಮಾಚಲು ಬಗ್ಗಿ ಆ ತೋಳನ್ನು ನೋಡಿದೆ. ಕೊಳವೆಯ ಸುತ್ತ ತುಕ್ಕಿನ ನಡುವೆ ತಾಮ್ರದ ಬಣ್ಣ. ಅಲ್ಲಲ್ಲಿ ಹಸಿರು ಹಿಟ್ಟು. ಇದನ್ನು ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನೋಡಿದ್ದೆ. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿದರೆ ಮೊಳೆ ಕರಗುತ್ತದೆ, ಮೇಲೆ ತಾಮ್ರ ಕೂರುತ್ತದೆ.

"ತುತ್ತದ ನೀರಿನ ಕ್ಯಾನು ಗಾಡೀಲಿ ಹೊತ್ತಿದ್ಯಾ?" ಎಂದು ತಮ್ಮನನ್ನು ಕೇಳಿದೆ.

ಮಳೆಗಾಲಕ್ಕೆ ಮುಂಚೆ ಗಿಡಗಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು ಎಲ್ಲರ ತೋಟದಲ್ಲೂ ಉಂಟು. ಸುಣ್ಣ ಬೆರೆಸುವ ಮೊದಲು ತುತ್ತವನ್ನು ಕದಡಿ ಗುಡ್ಡದ ಮೇಲಿನ ಡ್ರಮ್ಮಿಗೆ ಒಯ್ಯಬೇಕು. ತಲೆಹೊರೆ ಯಾಕೆಂದು ನನ್ನ ತಮ್ಮ ಅದನ್ನು ಗಾಡಿಯ ಎರಡೂ ಪಕ್ಕಕ್ಕೆ ನೇತುಹಾಕಿ ಒಯ್ದಿದ್ದ.

"ಹೌದು, ಎಂತ ಈಗ?"

"ಮುಚ್ಚಳದಿಂದ ಸೋರಿ ಇಲ್ಲಿಗೇ ಇಳಿದಿದೆ. ತುತ್ತ ಕಬ್ಬಿಣ ತಿನ್ನುತ್ತೆ."

"ಗಿಡದ ರೋಗಕ್ಕೆ ಹೊಡ್ಯೋ ಔಷಧಿ ಗಾಡಿ ತಿನ್ನುತ್ತಂತೆ, ಕೇಳಿದ್ಯಾ ಅಪ್ಪ!" ತಮ್ಮ ನಕ್ಕ. ಅಪ್ಪ ನಗಲಿಲ್ಲ. ಬೆರಳಿನಿಂದ ಆ ಹಸಿರನ್ನು ಉಜ್ಜಿ ನೋಡಿದ.

"ಕೊಳವೆ ಕಾಯ್ಸಿ ಹೊಡಿ," ಎಂದೆ. "ಹೊರಗಿನದು ಹಿಗ್ಗಿದ್ರೆ ಒಳಗಿನದು ಸಡ್ಲ ಆಗುತ್ತೆ."

"ಅದು ನಂಗೂ ಗೊತ್ತು. ಪೇಂಟ್ ಹೋಗುತ್ತೆ ಅಂತ ಸುಮ್ನಿದ್ದೆ."

"ಪೇಂಟ್ ಬೇಕಾ, ಅಪ್ಪ ಬರೋದು ಬೇಕಾ?"

ಅವನು ಎದ್ದ. ಬಚ್ಚಲ ಒಲೆಯ ಕೆಂಡಕ್ಕೆ ತೋಳಿನ ಆ ತುದಿ ಇಟ್ಟೆವು. ಪೇಂಟ್ ಸುಟ್ಟ ಹೊಗೆಗೆ ಅಜ್ಜಿ ಒಳಗಿಂದ ಶಪಿಸುತ್ತಿದ್ದಳು. ನಾನು ಒದ್ದೆ ಗೋಣಿಯಲ್ಲಿ ಇನ್ನೊಂದು ತುದಿ ಹಿಡಿದೆ, ತಮ್ಮ ಎಡಕ್ಕೊಂದು ಬಲಕ್ಕೊಂದು ಸಮನಾಗಿ ತಟ್ಟುತ್ತಾ ಬಂದ. ಬಳೆ ಕೂದಲೆಳೆಯಷ್ಟು ಸರಿಯಿತು. ಮತ್ತೆ ಕೆಂಡ, ಮತ್ತೆ ಸುತ್ತಿಗೆ. ಕೊನೆಗೆ ಠಣ್ ಎಂದು ಕಲ್ಲಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಬಂತು.

ಅಪ್ಪ ತಮ್ಮನ ಬೆನ್ನು ತಟ್ಟಿದ. "ಭಲೇ! ಕೈ ಅಂದ್ರೆ ಇದು."

ನನ್ನ ಅಂಗೈ ಗೋಣಿಯ ಹಬೆಗೆ ಬೊಬ್ಬೆ ಎದ್ದಿತ್ತು. ಯಾರೂ ನೋಡಲಿಲ್ಲ. ಹಿತ್ತಲಿಗೆ ಹೋಗಿ ತಣ್ಣೀರಲ್ಲಿ ಕೈ ಅದ್ದಿಕೊಂಡು, ಒಡಹುಟ್ಟಿದವನ ಮೇಲೆ ಇಷ್ಟು ವಿಷ ಇರಬಹುದೇ ಎಂದು ನನಗೇ ಆಶ್ಚರ್ಯವಾಗುವಷ್ಟು ಅವನನ್ನು ಬೈದುಕೊಂಡೆ. ಅವನೋ ಮೂಡಿಗೆರೆಗೆ ಹೋಗಿ ಹೊಸ ಬೇರಿಂಗು ತಂದು, ಗ್ರೀಸು ತುಂಬಿ, ಕತ್ತಲಾಗುವುದರೊಳಗೆ ಗಾಡಿಯನ್ನು ನಿಲ್ಲಿಸಿದ.

ಮಾರನೇ ದಿನ ನಾನು ಮೊದಲ ಬಸ್ಸಿಗೆ ಹೋದೆ. ಸಭಾಂಗಣದಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದೆ. ನಮ್ಮ ಸಾಲಿನವರನ್ನು ಎಬ್ಬಿಸುವ ಹೊತ್ತಿಗೆ ಅಪ್ಪ ಕುಂಟುತ್ತಾ ಒಳಗೆ ಬಂದ. ಮದುವೆಗೆ ಉಡುವ ಪಂಚೆ, ತಲೆಯಲ್ಲಿ ದಾರಿಯ ಕೆಂಪು ಧೂಳು. ಹಿಂದೆ ತಮ್ಮ. ನನ್ನ ಹೆಸರು ಕರೆದರು. ಹೋಗಿ ಸರ್ಟಿಫಿಕೇಟು ತೆಗೆದುಕೊಂಡು, ಮೆಟ್ಟಿಲಿಳಿದು, ನೇರ ಅಪ್ಪನ ಹತ್ತಿರ ನಡೆದು ಅವನ ಕೈಗೆ ಕೊಟ್ಟೆ.

ಅಪ್ಪನಿಗೆ ಇಂಗ್ಲಿಷು ಬಾರದು. ಆದರೂ ಮೇಲಿನಿಂದ ಕೆಳಗಿನವರೆಗೆ ನೋಡಿದ, ಮತ್ತೆ ಮೇಲಿನಿಂದ ನೋಡಿದ. ತಮ್ಮ ಪಕ್ಕದಿಂದ ಬಗ್ಗಿ, "ಎಲ್ಲಿ, ಕೊಡಿಲ್ಲಿ, ನಾನೂ ನೋಡ್ತೀನಿ," ಎಂದು ಕೈ ಚಾಚಿದ.

ಅಪ್ಪ ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ.

"ಮುಟ್ಬ್ಯಾಡ ಮಾರಾಯ! ಉಗುರಲ್ಲೆಲ್ಲ ಗ್ರೀಸು ಇಟ್ಕಂಡು. ಹೊರ್ಗೆ ನಲ್ಲಿ ಐತೆ, ಮೊದ್ಲು ಕೈ ತೊಳ್ಕಂಡ್ ಬಾ."