ಹಳೆಯ ಪೇಪರ್ ಓದುವ ಯಂತ್ರಕ್ಕೊಂದು ಪೆನ್ ಡ್ರೈವ್

ಕಳೆದ ವರ್ಷದ ವಿಜಯದಶಮಿಯ ಬೆಳಿಗ್ಗೆಯೂ ನಮ್ಮ ಮನೆಯ ದಿನ ಎಂದಿನಂತೆಯೇ ಶುರುವಾಯಿತು. ಡಿಕಾಕ್ಷನ್ ಇಳಿಯಲು ಬಿಟ್ಟು, ಹಾಲಿನ ಪ್ಯಾಕೆಟ್ ತೊಳೆದು, ಅತ್ತೆಯ ಕುರ್ಚಿಯನ್ನು ಬಾಲ್ಕನಿಯ ಬಿಸಿಲಿಗೆ ಸರಿಸಿದೆ. ಕಗ್ಗದಾಸಪುರದ ಈ ಮನೆಯಲ್ಲಿ ಗೃಹಿಣಿಯಾಗಿರುವುದೇ ನನ್ನ ಹುದ್ದೆ, ಮದುವೆಯಾದಾಗಿನಿಂದ ವರ್ಗಾವಣೆಯಿಲ್ಲ. ಗಂಡ ತೀರಿಕೊಂಡ ಮೇಲೆ ಆ ಹುದ್ದೆಗೆ ಇನ್ನೊಂದು ಕೆಲಸ ಸೇರಿತ್ತು. ಅವರ ಹೋಮ್ ಸರ್ವರನ್ನು ನೋಡಿಕೊಳ್ಳುವುದು.

ಸರ್ವರ್ ಎಂದರೆ ದೊಡ್ಡದೇನಲ್ಲ, ಹಳೆಯ ಕಂಪ್ಯೂಟರಿನ ಡಬ್ಬಿಯೊಳಗೆ ಮೂರು ಹಾರ್ಡ್ ಡಿಸ್ಕ್. ಅತ್ತೆಗೆ ಕಣ್ಣು ಕಾಣದಂತಾದ ಮೇಲೆ ನನ್ನವರು ದಿನವೂ ಅವರಿಗೆ ಪೇಪರ್ ಓದಿ ಹೇಳುತ್ತಿದ್ದರು. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆದರೆ ದನಿ ಉಳಿಯುವುದಿಲ್ಲವೆಂದು ಡಾಕ್ಟರ್ ಹೇಳಿದಾಗ, ಓದುವುದನ್ನೆಲ್ಲ ರೆಕಾರ್ಡ್ ಮಾಡಿ ಈ ಯಂತ್ರದಲ್ಲಿ ಇಡತೊಡಗಿದರು. ಅತ್ತೆ ಈಗಲೂ ಬೆಳಗಿನ ಕಾಫಿಯ ಜೊತೆ ಅದನ್ನೇ ಸ್ಪೀಕರಿನಲ್ಲಿ ಕೇಳುತ್ತಾರೆ. ಎಂದೋ ಸುರಿದ ಮಳೆ, ಎಂದೋ ಮುಗಿದ ಚುನಾವಣೆ. ಪುಟ ತಿರುಗಿಸುವ ಮುಂಚೆ ನನ್ನವರು ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುವ ಸಣ್ಣ ಸದ್ದೂ ಅದರಲ್ಲಿದೆ.

ಅವರು ತೀರಿಕೊಂಡ ವರ್ಷ ನಾವು ಹಬ್ಬ ಮಾಡಿರಲಿಲ್ಲ. ಹಾಗಾಗಿ ಹಿಂದಿನ ದಿನದ್ದು ಅವರಿಲ್ಲದ ಮೊದಲ ಆಯುಧಪೂಜೆ. ಪೂಜೆಯಾದ ಮೇಲೆ ನಮ್ಮಲ್ಲಿ ಮಿಕ್ಸಿ, ಹೊಲಿಗೆ ಯಂತ್ರ ಯಾವುದನ್ನೂ ಮುಟ್ಟುವುದಿಲ್ಲ. ಮಾರನೆಯ ದಿನವೇ ಮತ್ತೆ ಶುರು. "ಅವನು ಕೂಡಿಸಿದ ಮಿಷಿನ್ನು. ಅದಕ್ಕೂ ಒಂದಿನ ರೆಸ್ಟ್ ಕೊಡಮ್ಮ," ಎಂದರು ಅತ್ತೆ. ನಾನು ಕ್ರಮವಾಗಿ ಶಟ್‌ಡೌನ್ ಮಾಡಿದೆ. ಅವರು ತಡಕಿಕೊಂಡು ತಾವೇ ಅದಕ್ಕೆ ಕುಂಕುಮ ಇಟ್ಟರು.

ದಶಮಿಯ ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಅಷ್ಟೆ. ಟೀವಿಗೆ ವೈರ್ ಜೋಡಿಸಿ ನೋಡಿದೆ. ಬೂಟ್ ಆಗುವ ಸಾಧನ ಸಿಗುತ್ತಿಲ್ಲ ಎಂಬ ಒಂದೇ ಸಾಲು ಬಂತು. ಬೂಟ್ ಆಗುವುದೆಂದರೆ ಯಂತ್ರ ನಿದ್ದೆಯಿಂದ ಏಳುವುದು. ನಮ್ಮ ಸರ್ವರ್ ಏಳುವುದು ಹಿಂಬದಿಗೆ ಸಿಕ್ಕಿಸಿದ ಪೆನ್ ಡ್ರೈವ್‌ನಿಂದ. ಏಳುವಾಗ ಒಮ್ಮೆ ಅದನ್ನು ಓದಿಕೊಂಡು, ಆಮೇಲೆ ಎಲ್ಲವನ್ನೂ ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ನಡೆಯುತ್ತದೆ. ಪೆನ್ ಡ್ರೈವ್ ಎಂದೋ ಸತ್ತಿರಬೇಕು. ಯಂತ್ರ ನಡೆಯುತ್ತಲೇ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ.

ಅತ್ತೆ ಲೋಟ ಹಿಡಿದು ಕಾಯುತ್ತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ನಾನೇ ಅವನ ಬಾಯಿ ಮುಚ್ಚಿಸಿಬಿಟ್ನೇನೆ?"

ಇಲ್ಲತ್ತೆ, ಒಂದು ಸಣ್ಣ ಸಾಮಾನು ಕೆಟ್ಟಿದೆ ಎಂದು ಹೇಳಿ ಸೀರೆ ಬದಲಿಸಿದೆ. ಹತ್ತಿರದ ಅಂಗಡಿಗಳ ಬಾಗಿಲಲ್ಲಿ ಒಡೆದ ಬೂದುಗುಂಬಳ ಬಿದ್ದಿತ್ತು, ಷಟರ್ ಎಳೆದಿತ್ತು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ ಎಂ.ಜಿ. ರೋಡಿನಲ್ಲಿ ಇಳಿದು, ಆಟೊದಲ್ಲಿ ಶಿವಾಜಿನಗರಕ್ಕೆ ಹೋದೆ.

ಅಲ್ಲಿ ತೆರೆದಿದ್ದ ಅಂಗಡಿಯ ಭಾಯಿ ಉಗುರಿನಷ್ಟು ಪುಟ್ಟದೊಂದು ಪೆನ್ ಡ್ರೈವ್ ತೋರಿಸಿ, ಇದಕ್ಕಿಂತ ಸ್ಪೀಡ್ ಬೇರೆ ಇಲ್ಲ ಎಂದರು. ನನಗೆ ಸ್ಪೀಡ್ ಬೇಕಿರಲಿಲ್ಲ. ಪುಟ್ಟದು, ವೇಗದ್ದು ಬೇಗ ಬಿಸಿಯಾಗುತ್ತದೆ. ಹಗಲೂ ರಾತ್ರಿ ಯಂತ್ರಕ್ಕೆ ಅಂಟಿಕೊಂಡಿರುವುದಕ್ಕೆ ಹಳೆಯ ಯುಎಸ್‌ಬಿ ೨.೦, ಉದ್ದ ಮೈಯದು ವಾಸಿ ಎಂದು ನನ್ನವರು ಹೇಳುತ್ತಿದ್ದರು. ಜಾಗವೂ ಹೆಚ್ಚು ಬೇಡ. ಆದರೆ ಅದಕ್ಕೆ ತನ್ನದೇ ಆದ ಗುರುತಿನ ಸಂಖ್ಯೆ ಇರಬೇಕು, ಏಕೆಂದರೆ ಸಾಫ್ಟ್‌ವೇರಿನ ಲೈಸೆನ್ಸ್ ಆ ಸಂಖ್ಯೆಗೇ ಗಂಟು ಬೀಳುತ್ತದೆ. ನಕಲಿ ಮಾಲಿನಲ್ಲಿ ನೂರಕ್ಕೂ ಒಂದೇ ಸಂಖ್ಯೆ ಇರುವುದುಂಟು.

"ಎಲ್ರೂ ಫಾಸ್ಟ್ ಕೊಡಿ ಅಂತಾರೆ. ನೀವೊಬ್ರೇ ಅಮ್ಮಾ, ಸ್ಲೋ ಕೊಡಿ ಅಂತ ಬಂದಿರೋದು," ಎಂದು ಭಾಯಿ ನಕ್ಕರು. ಆದರೂ ಏಣಿ ಹಾಕಿ ಮೇಲಿನ ಖಾನೆಯಿಂದ ಒಂದು ಸಪ್ಪೆ ಕಪ್ಪು ಬಣ್ಣದ್ದನ್ನು ಇಳಿಸಿ, ದೂಳು ಒರೆಸಿ, ಸಂಖ್ಯೆಯನ್ನು ತಮ್ಮ ಕಂಪ್ಯೂಟರಿನಲ್ಲಿ ನೋಡಿ ಕೊಟ್ಟರು.

ಮನೆಗೆ ಬಂದು ಲ್ಯಾಪ್‌ಟಾಪಿನಿಂದ ಅದಕ್ಕೆ ಸಾಫ್ಟ್‌ವೇರ್ ತುಂಬಿ ಲೈಸೆನ್ಸನ್ನು ಹೊಸ ಸಂಖ್ಯೆಗೆ ಬದಲಾಯಿಸಿದೆ. ಯಂತ್ರ ಎದ್ದಿತು. ಎದ್ದು, ಮೂರು ಡಿಸ್ಕ್‌ಗಳಲ್ಲಿ ಕಾವಲಿನ ಡಿಸ್ಕ್ ಯಾವುದು ಎಂದು ಕೇಳಿತು. ಉಳಿದೆರಡರಲ್ಲಿ ಒಂದು ಕೆಟ್ಟರೆ ಅದರಲ್ಲಿದ್ದುದನ್ನು ಮತ್ತೆ ಕಟ್ಟಿಕೊಡುವ ಡಿಸ್ಕ್ ಅದು. ತಪ್ಪು ಹೇಳಿದರೆ ದನಿಯಿರುವ ಡಿಸ್ಕಿನ ಮೇಲೇ ಬರೆದು ಅಳಿಸಿಬಿಡುತ್ತದೆ. ಹಳೆಯ ಪೆನ್ ಡ್ರೈವ್‌ಗೆ ಅದು ಗೊತ್ತಿತ್ತು; ಅದರೊಡನೆ ಹೋಯಿತು.

ಯಂತ್ರ ಆಫ್ ಮಾಡಿ ಡಬ್ಬಿಯ ಬದಿ ಬಿಚ್ಚಿದೆ. ಜೋಡಿಸುವ ದಿನ ಗುರುತಿಗೆ ಏನಾದರೂ ಕೊಡು ಎಂದು ನನ್ನವರು ಕೇಳಿದ್ದರು, ನಾನು ನನ್ನ ಹಣೆಬೊಟ್ಟಿನ ಹಾಳೆ ಕೊಟ್ಟಿದ್ದೆ. ಕಾವಲಿಗೆ ಮೆರೂನ್, ಉಳಿದೆರಡಕ್ಕೆ ಹಸಿರು. ಅಂಚು ದೂಳು ಹಿಡಿದಿದ್ದರೂ ಬೊಟ್ಟುಗಳು ಬಿದ್ದಿರಲಿಲ್ಲ. ಮೆರೂನ್ ಬೊಟ್ಟಿನ ಡಿಸ್ಕಿನ ಸಂಖ್ಯೆ ಓದಿಕೊಂಡು ಮತ್ತೆ ಶುರು ಮಾಡಿ, ಅದನ್ನೇ ಆರಿಸಿ ಒತ್ತಿದೆ.

ಸಂಜೆ ಸ್ಪೀಕರಿನಲ್ಲಿ ಮೊದಲು ಕೆಮ್ಮು ಬಂತು, ಆಮೇಲೆ ಅವರು. ನಾಳೆ ಎಲ್ಲೆಲ್ಲಿ ವಿದ್ಯುತ್ ವ್ಯತ್ಯಯ ಎಂಬುದನ್ನು ಓದುತ್ತಿದ್ದರು, ಹಲಸೂರು, ಇಂದಿರಾನಗರ. ಅತ್ತೆ ಜ್ವರ ನೋಡುವವರಂತೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕುಳಿತರು.

ನಡೆಯುತ್ತಿರುವುದೆಲ್ಲ ನಿಲ್ಲಿಸಿದರೆ ಮತ್ತೆ ಏಳುತ್ತದೆ ಎಂದು ನಂಬಬಾರದೆಂಬುದನ್ನು ಈ ಕೆಲಸ ನನಗೆ ಕಲಿಸಿತು. ಆ ದನಿಯ ಪ್ರತಿ ಈಗ ಇನ್ನೆರಡು ಕಡೆ ಇದೆ. ಮನುಷ್ಯರ ವಿಷಯದಲ್ಲಿ ಅಷ್ಟೂ ಆಗುವುದಿಲ್ಲ.

ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಸೆಲ್ವಿ ಅಲ್ಲಿ ಕ್ಲಿಪ್ ಬಿಚ್ಚುತ್ತಿದ್ದಳು. ನನ್ನ ಕಡೆ ತಿರುಗದೆಯೇ ಕೇಳಿದಳು:

"ಅಕ್ಕಾ, ನಾಳೆ ಕರೆಂಟ್ ಹೋಗುತ್ತೆ ಅಂತ ಸಾರ್ ಓದ್ತಾ ಇದ್ರಲ್ಲ, ನಮ್ ರೋಡಿಗೂನಾ ಅಂತ ಸ್ವಲ್ಪ ಕೇಳಿ ಹೇಳಿ. ಟ್ಯಾಂಕ್ ತುಂಬಿಸ್ಕೋಬೇಕು."