ಅಂಗೈಯಗಲದ ವಿಭೂತಿ

ಬೆಳಗಿನ ಐದೂವರೆ. ಪಣಕಹಳ್ಳಿಯ ಪುಟ್ಟಬಸಪ್ಪನವರ ಹಳೇ ದನದ ಕೊಟ್ಟಿಗೆಗೆ ಬಂದ ಚಿಕ್ಕಸಿದ್ದ ಮೊದಲು ಮುಟ್ಟುವುದು ಕಾರನ್ನಲ್ಲ, ಅದರ ಮೇಲೆ ಹೊದಿಸಿದ ಟಾರ್ಪಾಲಿನ ಗಂಟನ್ನು. ಹೋದ ಸಲ ತಾವೇ ಬಿಗಿದ ಗಂಟು ಹಾಗೇ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತಾರೆ. ಇದೆ. ಆದರೂ ಸಮಾಧಾನವಿಲ್ಲ. ಬಗ್ಗಿ ನೆಲದ ಮೇಲೆ ಹೆಜ್ಜೆ ಗುರುತು ಹುಡುಕುತ್ತಾರೆ. ಕೊನೆಗೆ ಅವರ ಕಣ್ಣು ಪತ್ರಿಕೆಯಿಂದ ಬಂದವರ ಹೆಗಲಚೀಲದ ಮೇಲೆ ನಿಲ್ಲುತ್ತದೆ.

"ತಪ್ಪು ತಿಳ್ಕಬ್ಯಾಡಿ ಸಾ. ಚೀಲವ ಆಚೆ ಜಗಲಿ ಮೇಲೆ ಮಡಗ್ಬುಡಿ. ಈಗ ಒಂದು ನಟ್ಟು ಕಾಣ್ದೆ ಓದ್ರೂ ನನ್ ತಲೆಗೇ ಬತ್ತದೆ."

ಟಾರ್ಪಾಲು ಸರಿದರೆ ಒಳಗೆ ಬಾಳೆಹೂವಿನ ಬಣ್ಣದ, ಎರಡೇ ಸೀಟಿನ, ಮೇಲೆ ಸೂರಿಲ್ಲದ ವಿಲಾಯಿತಿ ರೇಸು ಕಾರು. ವಯಸ್ಸು ಅರವತ್ತು ದಾಟಿದೆ. ಬೆಟ್ಟದ ಎಸ್ಟೇಟಿನ ಮ್ಯಾನೇಜರೊಬ್ಬ ಊರು ಬಿಡುವಾಗ ಪುಟ್ಟಬಸಪ್ಪನವರ ತಂದೆ ಎರಡು ಜೊತೆ ಎತ್ತು ಮಾರಿ ಕೊಂಡದ್ದು. ಎತ್ತು ಕೊಟ್ಟು ಕತ್ತೆ ತಂದ ಎಂದು ಊರು ನಕ್ಕಿತ್ತಂತೆ.

ಐವತ್ತೆರಡರ ಚಿಕ್ಕಸಿದ್ದ ಕಾಡಂಚಿನ ತಿಗನಾರೆ ಹಳ್ಳಿಯವರು. ಅಪ್ಪ ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಓದು ಐದನೇ ಕ್ಲಾಸಿಗೆ ನಿಂತಿತು, ಕೈ ಆಯಿಲ್ ಇಂಜಿನ್ ರಿಪೇರಿಗೆ ಹತ್ತಿತು. ಹತ್ತೊಂಬತ್ತು ವರ್ಷದ ಹಿಂದೆ ಪಂಪು ರಿಪೇರಿಗೆಂದು ಈ ಮನೆಗೆ ಬಂದಾಗ ಕಾರು ಇಟ್ಟಿಗೆಯ ಮೇಲೆ ಕೂತಿತ್ತು, ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದು ಮತ್ತೆ ಉಸಿರಾಡಲು ಮೂರು ವರ್ಷ ಹಿಡಿಯಿತು.

ಅಂದಿನಿಂದ ವಾರಕ್ಕೆರಡು ಬೆಳಗ್ಗೆ ಸೈಕಲ್ ತುಳಿದು ಬರುತ್ತಾರೆ. ದಾರಿಯಲ್ಲಿ ಆನೆ ವಾಸನೆ ಬಂದರೆ ನಿಂತು, ಹೋದ ಮೇಲೆ ಹೊರಡುತ್ತಾರೆ. ನಾಲ್ಕು ಚಕ್ರಕ್ಕೆ ಇನ್ನೂರ ಎಂಬತ್ತೆಂಟು ಕಡ್ಡಿ. ಒಂದೊಂದನ್ನೂ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಡುತ್ತಾರೆ. ಬಂಕಿನಿಂದ ಬಂದ ಪೆಟ್ರೋಲನ್ನೂ ನಂಬುವುದಿಲ್ಲ. ಬಾಟಲಿಯೊಳಗೆ ರಬ್ಬರ್ ತುಂಡು ಮುಳುಗಿಸಿ ಎಂಟು ದಿನ ಕಾಯುತ್ತಾರೆ. ರಬ್ಬರ್ ಊದಿಕೊಂಡರೆ ಆ ಪೆಟ್ರೋಲ್ ಕಾರಿಗಿಲ್ಲ.

"ಸಡ್ಲಾದ ಕಡ್ಡಿ ಸುಳ್ಳೇಳಕಿಲ್ಲ ಸಾ, ಸದ್ದಲ್ಲೇ ಸಿಕ್ಕಾಕತದೆ. ಮನ್ಸರದೇ ಕಷ್ಟ."

ಎಲ್ಲವನ್ನೂ ಅನುಮಾನಿಸುತ್ತಿದ್ದ ಈ ಮನುಷ್ಯನ ಮೇಲೆ ಹದಿನೈದು ದಿನದಿಂದ ಊರಿನ ಅನುಮಾನ ತಿರುಗಿದೆ. ಪುಟ್ಟಬಸಪ್ಪನವರ ಮಗ ನಟರಾಜ ಕಾರಿನ ಕಾಗದಪತ್ರ ಹೊಸದು ಮಾಡಿಸಲು ಹೊರಟರು. ಇಂಜಿನ್ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲಿನಲ್ಲಿ ಉಜ್ಜಿ, ಅಚ್ಚು ತೆಗೆದು ಕೊಡಬೇಕು. ಹುಡುಕಿದರೆ ನಂಬರೇ ಇಲ್ಲ. ಅಸಲಿ ಇಂಜಿನ್ ಮಾರಿಕೊಂಡು ಗುಜರಿಯದನ್ನು ಕೂರಿಸಿದ್ದಾನೆ ಎಂಬ ಮಾತು ಟೀ ಅಂಗಡಿ ಸೇರಿತು. ತಿಗನಾರೆಯ ಅವರ ಮನೆಗೆ ಹೊಸ ತಗಡು ಬಂದದ್ದನ್ನು ಯಾರೋ ನೆನಪಿಸಿದರು. ಆನೆ ಗೋಡೆ ಕೆಡವಿದ್ದಕ್ಕೆ ಸಿಕ್ಕ ಪರಿಹಾರದ ತಗಡು ಅದು ಎಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದೆಂದು ಚಿಕ್ಕಸಿದ್ದ ಸುಮ್ಮನಿದ್ದರು. ಸುಮ್ಮನಿದ್ದದ್ದೂ ತಪ್ಪಾಯಿತು.

"ಅನ್ನ ಇಕ್ತಾ ಇಕ್ತಾ ನಮ್ಮ ಮಾದೇವಮ್ಮನೇ 'ನಿಜ ಏಳಿ' ಅಂದ್ಲು ಸಾ. ಊರೋರ್ ಮಾತ ತಡ್ಕಂಡೆ. ಎಂಡ್ತಿ ಮಾತ ತಡ್ಯಕಾಗ್ನಿಲ್ಲ."

ಚಿಕ್ಕಸಿದ್ದರಿಗೂ ಒಂದು ಗುಮಾನಿಯಿದೆ. ಇಂಜಿನ್ನಿನ ಪಕ್ಕದಲ್ಲಿ ಅಂಗೈಯಗಲದ ಸಮತಟ್ಟು ಜಾಗ. ಪ್ರತಿ ಆಯುಧಪೂಜೆಗೂ ಪುಟ್ಟಬಸಪ್ಪನವರು, ಅವರಿಗಿಂತ ಮೊದಲು ಅವರ ತಂದೆ, ಅಲ್ಲೇ ಎಣ್ಣೆ ಸವರಿ, ವಿಭೂತಿ ಬಳಿದು, ಕುಂಕುಮ ಇಟ್ಟಿದ್ದಾರೆ. ವರ್ಷದ ಮೇಲೆ ವರ್ಷ ಬಿದ್ದು, ಬಿಸಿಗೆ ಸುಟ್ಟು, ಅದು ರಾಗಿರೊಟ್ಟಿಯಷ್ಟು ದಪ್ಪವಾಗಿದೆ. ನಂಬರ್ ಅದರಡಿಯೇ ಇರಬೇಕು.

"ಇಡೀ ಇಂಜಿನ್ ನನ್ ಕೈಯಲ್ಲದೆ. ಆ ಅಂಗೈ ಅಗಲ ಮಾತ್ರ ಬುದ್ಯೋರ್ದು. ಪೂಜೆ ದಿನ ನಾನು ಬಾಗ್ಲಾಚೆ ನಿಂತಿರ್ತೀನಿ. ಅವರು ದೇವ್ರು ಅಂತ ಮುಟ್ಟೋ ಜಾಗ್ವ ನಾನೆಂಗೆ ಕೆರಿಯದು?"

ಭಯ ಇನ್ನೊಂದಿದೆ. ಚಿಕ್ಕಸಿದ್ದ ಈ ಮನೆಗೆ ಬರುವ ಮೊದಲೇ ಈ ಇಂಜಿನ್ ಒಮ್ಮೆ ಪಟ್ಟಣದ ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಇತ್ತು. ಅಲ್ಲಿ ಯಾರಾದರೂ ಬದಲಾಯಿಸಿದ್ದರೆ? ವಿಭೂತಿಯ ಕೆಳಗಿನಿಂದ ಬೇರೆ ನಂಬರ್ ಎದ್ದರೆ ಕಳ್ಳನೆಂಬ ಹೆಸರು ಸಾಯುವವರೆಗೂ ಅಂಟಿಕೊಳ್ಳುತ್ತದೆ.

ಏಳು ಗಂಟೆಗೆ ನಟರಾಜ ಕೊಟ್ಟಿಗೆಗೆ ಬರುತ್ತಾರೆ. "ನಾಳೆ ಚಾಮರಾಜನಗರದಿಂದ ಬ್ಯಾರೆ ಮೇಸ್ತ್ರಿ ಬತ್ತಾನೆ ಕಣ್ಲಾ ಸಿದ್ದ. ಇಂಜಿನ್ ಬಿಚ್ಚಿ ನೋಡ್ತಾನೆ. ಕೀ ಕೊಟ್ಟೋಗು."

ಚಿಕ್ಕಸಿದ್ದ ಕೀ ಕೊಡುತ್ತಾರೆ. ಆದರೆ ಮಾತಾಡುವುದು ಬಾಗಿಲಲ್ಲಿ ಕೋಲೂರಿ ನಿಂತ ಪುಟ್ಟಬಸಪ್ಪನವರ ಜೊತೆ. "ಬುದ್ದಿ, ಅಪ್ಪಣೆ ಆದ್ರೆ ವಿಬೂತಿ ತಗ್ದು ನೋಡ್ತೀನಿ. ಬ್ಯಾರೆ ನಂಬರ್ ಇದ್ರೆ ಇನ್ಮೇಲೆ ಈ ಬೀದಿಗೇ ಬರಕಿಲ್ಲ."

ಎಂಬತ್ತರ ಹಿರಿಯರು ಕೋಲನ್ನು ಗೋಡೆಗೆ ಒರಗಿಸುತ್ತಾರೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಇಂಜಿನ್ನಿಗೆ ಕೈ ಮುಗಿಯುತ್ತಾರೆ. "ಕೆರಿಲಾ ಸಿದ್ದ."

ಕಬ್ಬಿಣ ಮುಟ್ಟಿಸಿದರೆ ಗೀರು ಬೀಳುತ್ತದೆಂದು ಬಿದಿರ ಸೀಳು, ಸೀಮೆಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರು. ಕೆಂಪು ಪದರ ಏಳುತ್ತದೆ, ಬೂದಿ ಪದರ ಏಳುತ್ತದೆ, ಮತ್ತೆ ಕೆಂಪು. ನಟರಾಜ ಹಳೇ ಆರ್‌ಸಿ ಪುಸ್ತಕ ಬಿಡಿಸಿ ಹಿಡಿದಿದ್ದಾರೆ. ಹೊಳಪು ಕಂಡೊಡನೆ ಚಿಕ್ಕಸಿದ್ದ ಒಂದೊಂದೇ ಅಂಕಿ ಓದುತ್ತಾರೆ.

"ಏಳು. ನಾಕು. ಸೊನ್ನೆ. ಮೂರು." ಸ್ವಲ್ಪ ತಡೆದು, ಬೆರಳಿನಿಂದ ಉಜ್ಜಿ, "ಒಂಬತ್ತು."

ನಟರಾಜ ಪುಸ್ತಕ ಮುಚ್ಚುತ್ತಾರೆ. ಐದಕ್ಕೆ ಐದೂ ಸರಿ. ಎಣ್ಣೆ, ವಿಭೂತಿ ಇಷ್ಟು ವರ್ಷ ತುಕ್ಕು ಹಿಡಿಯಲು ಬಿಡದೆ ಕಾದಿವೆ; ಅಂಕಿಗಳು ನಿನ್ನೆ ಕೊರೆದಂತಿವೆ. ತಪ್ಪಾಯಿತು ಎಂದು ಯಾರೂ ಹೇಳುವುದಿಲ್ಲ. "ಕಾಪಿ ಕುಡ್ಕಂಡ್ ಓಗ್ಲಾ" ಎಂದು ನಟರಾಜ ಪೆನ್ಸಿಲ್ ಹುಡುಕಲು ಹೋಗುತ್ತಾರೆ.

ಕೈಯೆಲ್ಲ ಸೀಮೆಎಣ್ಣೆ. ಚಿಕ್ಕಸಿದ್ದ ತೋಳಿನಿಂದ ಕಣ್ಣೊರೆಸಿಕೊಂಡು, ಮಾದೇವಮ್ಮನಿಗೆ ಫೋನ್ ಮಾಡಿ, ಐದೂ ಅಂಕಿಯನ್ನು ನಿಧಾನವಾಗಿ ಓದಿ ಹೇಳುತ್ತಾರೆ.

ಹೊರಡುವಾಗ ಮತ್ತೆ ಟಾರ್ಪಾಲು, ಮತ್ತೆ ಅದೇ ಗಂಟು. ಇನ್ನೇಕೆ ಎಂದರೆ "ನಂಬರ್ ಸಿಕ್ತು ಸಾ. ಜನ ಬದ್ಲಾದಾರಾ?" ಎನ್ನುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳಿದಾಗ ಮಾತ್ರ ಆ ಮುಖದ ಬಿಗಿ ಸಡಿಲುತ್ತದೆ.

"ಬರೋ ಆಯುದ್‌ಪೂಜೇಲಿ ಒಂದೇ ಒಂದ್ಸಲ ನಾನು ಒಳಗ್ ಬಂದು ಅದಕ್ಕೆ ವಿಬೂತಿ ಇಕ್ಬೇಕು ಸಾ. ನಂಬರ್ ಮುಚ್ದಂಗೆ, ಒಸಿ ಪಕ್ಕಕ್ಕೆ."