ಕುಸುಬಿಗೆ ಹುಳ ಬರುವ ಕಾಲ

ಜೇನುಹುಳವನ್ನು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಭೆಯಲ್ಲಿ ಎದ್ದು ನಿಂತು, ಶಾಲು ಸರಿಮಾಡಿಕೊಂಡು, ಜೇನಿನಿಂದ ನಾವು ದುಡಿಮೆ ಕಲಿಯಬೇಕು ಎನ್ನುವವರಲ್ಲಿ ಒಬ್ಬನಾದರೂ ಜೇನುಪೆಟ್ಟಿಗೆಯ ಮುಂದೆ ಅರ್ಧ ತಾಸು ಕೂತವನಲ್ಲ. ನಾನು ಕೂತಿದ್ದೇನೆ. ಆಷಾಢದ ಗಾಳಿ ಬೀಸುವಾಗ ಹುಳ ಹೊರಗೆ ಮೂತಿ ಸಹ ಹಾಕುವುದಿಲ್ಲ. ಹೂ ಇದ್ದರೆ ಕೆಲಸ, ಇಲ್ಲದಿದ್ದರೆ ಒಳಗೆ ಗುಂಪುಗೂಡಿ ಗುಂಯ್‌ಗುಡುವುದು. ಅಷ್ಟರ ಮಟ್ಟಿಗೆ ಅದಕ್ಕೂ ನಮ್ಮ ಕಚೇರಿಗೂ ಫರಕಿಲ್ಲ. ಫರಕು ಏನೆಂದರೆ, ಹೂ ಯಾವಾಗ ಬಿಡುತ್ತದೆ ಎಂಬುದು ಹುಳಕ್ಕೆ ಗೊತ್ತಿರುತ್ತದೆ.

ಕಚೇರಿಗೆ ಗೊತ್ತಿರಲಿಲ್ಲ. ಅದಕ್ಕೇ ಪಟ್ಟಿ ಕೇಳಿತು.

ಇದು ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ನಾನು ನಮ್ಮ ಕಡೆಯ ಒಂದು ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್ ಆಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಅದಕ್ಕೂ ಮರ್ಯಾದೆ ಉಂಟು. ಮೀಸೆ ಬಂದ ಮೇಲೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತವನು ನಾನು. ಇಂಗ್ಲಿಷು ಅದಕ್ಕೂ ತಡವಾಗಿ ಬಂತು. ಬಂದದ್ದೂ ಪೂರಾ ಒಳಗೆ ಬರಲಿಲ್ಲ, ಪಡಸಾಲೆಯಲ್ಲೇ ಕೂತಿತು.

ಜೇನಿಗೆ ಆಹಾರವಾಗುವ ಗಿಡಮರ ಯಾವುವು, ಯಾವ ತಿಂಗಳು ಹೂ ಬಿಡುತ್ತವೆ, ಕೂಡಲೇ ತಿಳಿಸಿ ಎಂದು ಮೇಲಿನಿಂದ ಕಾಗದ ಬಂತು. ಜೊತೆಗೆ ಒಂದು ಮಾದರಿ ಪಟ್ಟಿ: ಮತ್ತಿ, ನಂದಿ, ಹೊನ್ನೆ, ಇನ್ನೂ ಹತ್ತು ಕಾಡುಮರಗಳು. ನರಗುಂದದ ಎರೆಹೊಲದಲ್ಲಿ ಮತ್ತಿಮರ ಹುಡುಕು ಎಂದ ಮಹಾಶಯನನ್ನು ಒಂದು ಬೇಸಿಗೆಯ ಮಧ್ಯಾಹ್ನ ಅಲ್ಲೇ ನಿಲ್ಲಿಸಬೇಕಿತ್ತು. ಮರವಲ್ಲ, ನೆರಳು ಅಂದರೆ ಏನೆಂಬುದೇ ಮರೆತುಹೋಗುತ್ತಿತ್ತು. ನಮ್ಮಲ್ಲಿ ಮರಗಳು ಎಷ್ಟು ಕಡಿಮೆ ಎಂದರೆ, ಅವನ್ನು ನಾವು ವಿಳಾಸದಿಂದಲೇ ಗುರುತಿಸುತ್ತೇವೆ: ಚಾವಡಿ ಮುಂದಿನ ಬೇವು, ಹಳ್ಳದ ದಂಡೆಯ ಹುಣಸೆ.

ಜೇನು ಸಾಕಿರೆಂದು ಹಿಂದಿನ ವರ್ಷ ಹಂಚಿದ ಪೆಟ್ಟಿಗೆಗಳ ಗತಿಯೂ ಹೀಗೇ. ಗಜೇಂದ್ರಗಡದಲ್ಲಿ ಒಂದರೊಳಗೆ ಕೋಳಿ ಕಾವು ಕೂತಿತ್ತು. ಹುಳ ಇದ್ದ ಪೆಟ್ಟಿಗೆ ನನಗೆ ಗೊತ್ತಿದ್ದದ್ದು ಒಂದೇ, ಸವಡಿಯ ಗಂಗವ್ವನದು. ಅರವತ್ತರ ಹೆಂಗಸು. ಹಾಳುಗೋಡೆಯ ಸಂದಿಯಿಂದ ಹುಳವನ್ನು ಜರಡಿಯಲ್ಲಿ ಹಿಡಿದು ತಂದು ತುಂಬಿದ್ದಳು. ಹೂವಿಲ್ಲದ ದಿನಗಳಲ್ಲಿ ಬೆಲ್ಲದ ನೀರಿಟ್ಟು ಬದುಕಿಸಿದ್ದಳು. ಪಟ್ಟಿ ತುಂಬಲು ನಾನು ಅವಳ ಕಟ್ಟೆಯ ಮೇಲೆ ಕೂತೆ.

"ಗುರೆಳ್ಳು ಯಾವ ತಿಂಗಳು ಹೂ ಬಿಡತೈತಿ, ಯವ್ವಾ?"

"ತಿಂಗಳ ತಗೊಂಡು ಏನ ಮಾಡ್ತಿ? ಹಸ್ತ ಮಳಿಗೆ ಬಿಡತೈತಿ."

"ಮಳಿ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಹೂ ಇಲ್ಲ. ಆವಾಗ ನೀನೂ ಬರಬ್ಯಾಡ."

ಬೇವು ಯುಗಾದಿಯ ಸುತ್ತ, ಅದರ ಬೆನ್ನಿಗೆ ಹುಲಗಲ, ಅಂದರೆ ಹೊಂಗೆ. ಮುಂಗಾರು ನಾಲ್ಕು ಹನಿ ಬಿದ್ದರೆ ಹುಣಸೆ. ಜಾಲಿ ಶ್ರಾವಣದಲ್ಲಿ. ಕಡೆಗೆ ಅವಳು ಮುಖ ಅರಳಿಸಿ ಹೇಳಿದ್ದು ಇದು: "ಸಂಕ್ರಾಂತಿ ಆತಂದ್ರ ಕುಸುಬಿಗೆ ಹುಳ ಬರತಾವ ನೋಡು ಕಾರಕೂನಾ, ಹೊಲಕ್ಕ ಹೊಲನ ಗುಂಯ್ ಅಂತೈತಿ. ಅಲ್ಲೀತನಕ ಇವನ್ನ ಬದುಕಿಸಿದ್ನೆಂದ್ರ ನಾ ಗೆದ್ದೆ."

ಮಳೆನಕ್ಷತ್ರಗಳನ್ನು ಇಂಗ್ಲಿಷ್ ತಿಂಗಳು ಮಾಡುವುದರಲ್ಲಿ ನಾನು ಬೆವರಿದೆ. ಬೆವರು ಸುರಿಸಿದವನು ಹೆಚ್ಚಾಗಿ ತಪ್ಪುವುದು ಸುಲಭದ ಜಾಗದಲ್ಲಿ. ನಮ್ಮ ಕಡೆ ಜೇನು ಅಂದರೆ ತಿನ್ನುವ ತುಪ್ಪ. ಅದನ್ನು ಮಾಡುವುದಕ್ಕೆ ಬರೀ ಹುಳ ಎನ್ನುತ್ತೇವೆ. ಹುಳ ಎಂಬುದಕ್ಕೆ ನನ್ನ ಡಿಕ್ಷನರಿ 'ಇನ್ಸೆಕ್ಟ್' ಎಂದಿತು. ನಾನು ಹೊಡೆದೆ: ಕುಸುಬಿ, ಜನವರಿ, ಇನ್ಸೆಕ್ಟ್ಸ್, ವೆರಿ ಹೆವಿ. ಮಾಹಿತಿ ಕೊಟ್ಟವರು ಎಂಬಲ್ಲಿ ಸವಡಿಯ ಗಂಗವ್ವ ಎಂದೂ ಸೇರಿಸಿದೆ. 'ವೆರಿ ಹೆವಿ' ಎಂದು ಹೊಡೆದದ್ದಕ್ಕೆ ಆ ದಿನವೆಲ್ಲ ಹಿಗ್ಗಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಪಟ್ಟಿ ಮೇಲೆ ಹೋಯಿತು. ಸಹಿ ಮಾಡಿದವರು ಓದಲಿಲ್ಲ, ಓದಿದವರಿಗೆ ತಿಳಿಯಲಿಲ್ಲ. ಮೇಜಿನಿಂದ ಮೇಜಿಗೆ ಹೋಗುವಾಗ ಜೇನಿನ ಮಾತಿದ್ದ ಮೊದಲ ಹಾಳೆ ಎಲ್ಲೋ ಕಳಚಿತು. ತಲೆಯಿಲ್ಲದ ಪಟ್ಟಿ ಬೆಳೆಯ ಕೀಟ ನೋಡುವವರ ಮೇಜಿಗೆ ಹೋಗಿ ಬಿತ್ತು. ಆ ಒಂದು ಮೇಜಿನವರು ಮಾತ್ರ, ದೇವರಿಗೇ ಗೊತ್ತು ಯಾಕೋ, ಚುರುಕಾಗಿ ಕೆಲಸ ಮಾಡಿದರು. ಸಂಕ್ರಾಂತಿಯಾದ ನಾಲ್ಕನೆಯ ದಿನ ನಮ್ಮ ಕಚೇರಿಯ ಮುಂದೆ ಆರು ಚೀಲ ಪುಡಿ ಇಳಿಯಿತು. ಸವಡಿಯ ಕುಸುಬಿಗೆ ಹೂವಿರುವಾಗಲೇ ಹೊಡೆಯಿರಿ, ಹುಳ ಸಾಯಬೇಕು ಎಂದು ಹುಕುಂ.

ಹುಕುಂ ಓದಿದಾಗಲೇ ನನಗೆ ತಪ್ಪು ಗೊತ್ತಾಯಿತು. ಬಾಯಿ ಬಿಡಲಿಲ್ಲ. ಹಂಗಾಮಿ ಕೆಲಸದವನ ಬಾಯಿಯೂ ಹಂಗಾಮಿಯೇ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರ ಹಿಂದೆ ಚೀಲದ ಗಾಡಿ ಹತ್ತಿ ಸವಡಿಗೆ ಹೋದೆ.

ಹೊಲ ಹಳದಿಯಾಗಿ ನಿಂತಿತ್ತು. ಕುಸುಬಿಗೆ ಮೈಯೆಲ್ಲ ಮುಳ್ಳು. ಸಾಹೇಬರು ಎರಡು ಹೆಜ್ಜೆ ಒಳಗೆ ಹೋಗಿ, ಮುಳ್ಳಿಗೆ ಸಿಕ್ಕಿದ ಪಾಟಲೋನು ಬಿಡಿಸಿಕೊಂಡು ಬದುವಿಗೆ ವಾಪಸಾದರು. ಗಂಗವ್ವ ಎದುರಿಗೆ ಬಂದಳು.

"ಇದು ಯಾತರ ಪುಡಿರಿ, ಸಾಹೇಬರ?"

"ಹುಳ ಸಾಯೋ ಪುಡಿ ಕಣಮ್ಮ. ನಿಮ್ಮ ಹೊಲಕ್ಕೆ ಹುಳ ಜಾಸ್ತಿ ಅಂತ ರಿಪೋರ್ಟ್ ಬಂದಿದೆ."

"ಹೇಳಿದವರು ಯಾರು?"

"ನೀವೇ ಹೇಳಿದ್ದು ಅಂತ ಇದೆಯಲ್ಲ."

ಗಂಗವ್ವ ನನ್ನ ಕಡೆ ತಿರುಗಿದಳು. "ಏನ ಬರದಿ, ಕಾರಕೂನಾ?"

"ನೀವು ಹುಳ ಅಂದ್ರಿ. ನಾನೂ ಹುಳ ಅಂತನ ಹೊಡದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಸಾಹೇಬರಿಗೆ ಹೇಳಿದಳು: "ಆರು ತಿಂಗಳು ಬೆಲ್ಲದ ನೀರ ಕುಡಿಸಿ ಸಾಕೀನ್ರಿ. ಈಗ ಎಲ್ಲಾ ಹೂವಿನ ಮ್ಯಾಲ ಅದಾವು. ಸಂಜೀಕ ಮನಿಗೆ ಬರಬೇಕು ಅವು. ಪುಡಿ ಹೊಡಿಯೂದಿದ್ರ ಈ ಮನಶ್ಯಾ ಬರದ ಕಾಗದಕ್ಕ ಹೊಡೀರಿ."

ಚೀಲದ ಬಾಯಿ ಬಿಚ್ಚಿಯಾಗಿತ್ತು. ನಾನು ಬದುವಿನ ಮೇಲೆ ಹತ್ತಿ ಸಾಹೇಬರ ಮುಂದೆ ನಿಂತೆ. "ತಪ್ಪು ನಂದರಿ. ಇಲ್ಲೆ ಹುಳ ಅಂದ್ರ ಜೇನುಹುಳ. ಈ ಪುಡಿ ಬಿದ್ರ ಈ ಯವ್ವನ ಪೆಟ್ಟಿಗಿ ಬರಿದಾಗತೈತಿ. ಏನ ಶಿಕ್ಷಾ ಕೊಡ್ತೀರಿ ನನಗ ಕೊಡ್ರಿ."

ಸಾಹೇಬರು ನನ್ನನ್ನು ನೋಡಲಿಲ್ಲ, ಚೀಲಗಳನ್ನು ನೋಡಿದರು. "ಅದೆಲ್ಲ ಸರಿ. ಬಂದ ಪುಡಿ ವಾಪಸ್ ಕಳಿಸೋ ಹಾಗಿಲ್ಲ. ಉಪಯೋಗ ಆಯ್ತು ಅಂತ ನಾನು ಬರೀಬೇಕಲ್ಲ."

ನೋಡಿದಿರಾ, ಹುಳದ ಜೀವವಲ್ಲ, ಹೆಂಗಸಿನ ಆರು ತಿಂಗಳಲ್ಲ, ಚೀಲದ ಸದ್ಗತಿ ಅವರ ಚಿಂತೆ.

ಗಂಗವ್ವ ಬಹಳ ಸಮಾಧಾನದಿಂದ ಕೇಳಿದಳು: "ನಿಮ್ಮ ಕಚೇರ್ಯಾಗ ಹುಳ ಇಲ್ಲೇನ್ರಿ?"

ಸಾಹೇಬರ ಮುಖ ಬೆಳಗಿತು. ಇತ್ತು. ದಫ್ತರದ ಕೋಣೆಯಲ್ಲಿ ಗೆದ್ದಲು ಎರಡು ಕಪಾಟುಗಳನ್ನು ತಿಂದು ಮುಗಿಸಿ ಮೂರನೆಯದಕ್ಕೆ ಕೈಹಾಕಿತ್ತು. ಆರೂ ಚೀಲ ಅಲ್ಲಿಗೇ ಹೋಯಿತು. 'ಇನ್ಸೆಕ್ಟ್ಸ್, ವೆರಿ ಹೆವಿ' ಎಂಬ ನನ್ನ ವರದಿ ಕಡೆಗೂ ಒಂದು ಜಾಗಕ್ಕಾದರೂ ಖರೇ ಆಯಿತು. ಆ ಸಂಜೆ ಕಾಲಲ್ಲಿ ಹಳದಿ ಮೆತ್ತಿಕೊಂಡು ಹುಳಗಳು ಗಂಗವ್ವನ ಪೆಟ್ಟಿಗೆಗೆ ಮರಳಿದವಂತೆ. ಅವಳು ನನಗೆ ಹೇಳಿಕಳಿಸಿದ್ದು ಒಂದೇ ಮಾತು: "ಬರಾಕ ಹೇಳು, ಹುಳ ಅಂದ್ರೇನಂತ ಕಡಸಿ ತೋರಸ್ತೀನಿ."

ಮರುದಿನ ಸಾಹೇಬರು ನನ್ನನ್ನು ಕೆಲಸದಿಂದ ತೆಗೆಯುವುದೆಂದು ನಿಶ್ಚಯಿಸಿದರು. ಅನ್ಯಾಯವೇನಲ್ಲ. ಕರಡು ಬರೆದು ಟೈಪಿಗೆ ಕೊಟ್ಟರು. ಟೈಪ್ ಮಾಡಲು ಕಚೇರಿಯಲ್ಲಿ ನನ್ನ ಹೊರತು ಇನ್ನೊಬ್ಬನಿರಲಿಲ್ಲ. ಈ ಸಲ ಒಂದಕ್ಷರವೂ ತಪ್ಪಬಾರದೆಂದು ನಾನು ಪ್ರತಿ ಶಬ್ದವನ್ನೂ ಡಿಕ್ಷನರಿಯಲ್ಲಿ ನೋಡಿದೆ. ಒಂದು ಚುಕ್ಕೆ ಸೊಟ್ಟ ಬಿದ್ದರೆ ಹಾಳೆ ಬದಲಿಸಿದೆ. ಸಾಹೇಬರು ಎರಡು ಸಲ ಕೇಳಿದರು. "ನಡದೈತ್ರಿ" ಎಂದೆ, ಸುಳ್ಳಲ್ಲ. ಹಾಗೆ ನಡೆಯುತ್ತಿರುವಾಗಲೇ ಕುಸುಬಿ ಒಣಗಿತು, ಚಾವಡಿ ಮುಂದಿನ ಬೇವು ಹೂವಾಯಿತು, ಹುಳ ಅಲ್ಲಿಗೆ ಹೋದವು, ಸಾಹೇಬರಿಗೆ ವರ್ಗವಾಯಿತು.